ಲಿಂಬಿ ಗಿಡದ ಹತ್ತಿರದ ಇಟ್ಟಂಗಿ

ಕಾಂತಾಬಾಯಿಗೆ ಸಂಶಯ ಅನ್ನುವುದು ರೋಗವಲ್ಲ, ಕಸುಬು. ಹಾಲಿನವನು ಪಾತ್ರೆಗೆ ಹಾಲು ಸುರಿದು ಬೆನ್ನು ತಿರುಗಿಸುವುದರೊಳಗೆ ಅದರಲ್ಲಿ ಬೆರಳದ್ದಿ ನೀರಿದೆಯೋ ಎಂದು ನೋಡಿಯಾಗಿರುತ್ತಿತ್ತು. ಗಂಡ ಬಾಪುಸಾಹೇಬರದು ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೇಳೆಕಾಳಿನ ಅಂಗಡಿ. ಸ್ವಂತ ಗಂಡ ಸ್ವಂತ ಅಂಗಡಿಯಿಂದ ತಂದ ತೊಗರಿಬೇಳೆಯನ್ನೂ ಆಕೆ ಮೊರದಲ್ಲಿ ಹಾಕಿಕೊಂಡು ಬಿಸಿಲಿಗೆ ಹಿಡಿದು ಆರಿಸುವಳು. ಆರಿಸದಿದ್ದರೆ ಹುಳ ಇದ್ದೀತು, ಹಿಂಸೆಯಾದೀತು. ಜೈನರ ಮನೆಯಲ್ಲಿ ಸಂಶಯಕ್ಕೆ ಧರ್ಮದ ಆಸರೆಯೂ ಸಿಗುತ್ತದೆ ನೋಡಿ. ಆ ಆಸರೆಯನ್ನು ಆಕೆ ಧಾರಾಳವಾಗಿಯೇ ಬಳಸಿಕೊಂಡಿದ್ದಳು.

ಈ ಸಲದ ಚಾತುರ್ಮಾಸಕ್ಕೆ ದಿಗಂಬರ ಮುನಿಗಳೊಬ್ಬರು ವಡಗಾವಿ ಕಡೆಯ ಬಸದಿಗೆ ಬಂದಿದ್ದರು. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಒಂದೇ ಕಡೆ ನೆಲೆ ನಿಲ್ಲುತ್ತಾರೆ. ಈ ಮಹಾರಾಜರದು ಒಂದು ದಿನ ಉಪವಾಸ, ಒಂದು ದಿನ ಆಹಾರ. ಆಹಾರದ ದಿನವೂ ಒಂದೇ ಹೊತ್ತು. ಯಾರ ಮನೆಗೆಂದು ಮೊದಲೇ ಹೇಳುವುದಿಲ್ಲ. ಗೃಹಸ್ಥರಾದ ಶ್ರಾವಕರು ಮಡಿಯುಟ್ಟು, ಕಲಶ ಹಿಡಿದು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಮಹಾರಾಜರು ಬಲಗೈ ಬೆರಳುಗಳನ್ನು ಹೆಗಲಿಗೆ ಮುಟ್ಟಿಸಿಕೊಂಡು, ನೆಲ ನೋಡುತ್ತ ಬರಿಗಾಲಲ್ಲಿ ಬರುತ್ತಾರೆ. ಯಾರ ಮುಂದೆ ನಿಂತರೋ ಅವರ ಪುಣ್ಯ. ನಡುವೆ ಏನಾದರೂ ಅಡ್ಡಿಯಾಗಿ ಹೆಗಲ ಮೇಲಿನ ಬೆರಳು ಕೆಳಗಿಳಿಯಿತೋ, ಮುಗಿಯಿತು. ಅವತ್ತು ಅವರಿಗೆ ಹನಿ ನೀರೂ ಇಲ್ಲ.

ಮುನಿಗಳ ಅಂಗೈಗೆ ಮೊದಲ ತುತ್ತು ಇಡಬೇಕೆಂಬುದು ಕಾಂತಾಬಾಯಿಯ ಜೀವಮಾನದ ಆಸೆ. ಸೊಸೆಯಾಗಿ ಬಂದಾಗ ಅತ್ತೆಯವರು ಅವಳನ್ನು ಬಾವಿಕಟ್ಟೆಯಲ್ಲಿ ನೀರು ಸೋಸಲು ಕೂರಿಸಿಬಿಡುತ್ತಿದ್ದರು. ಅತ್ತೆ ಹೋದ ಮೇಲೆ ಒಮ್ಮೆ ಬಾಣಂತನ, ಒಮ್ಮೆ ಸೂತಕ, ಒಮ್ಮೆ ಮತ್ತೇನೋ. ಈಗ ಎಲ್ಲ ಕೂಡಿಬಂತು ಅಂದುಕೊಳ್ಳುವಾಗಲೇ ಶ್ರಾವಣದಲ್ಲಿ ಒಂದು ಮುಂಜಾನೆ ಮಹಾರಾಜರು ಅವಳ ಗೇಟಿನೊಳಗೆ ಒಂದು ಹೆಜ್ಜೆ ಇಟ್ಟು, ನಿಂತು, ಹಿಂದೆ ಸರಿದು ಪಕ್ಕದ ಚಂಪಾಬಾಯಿಯ ಮನೆಗೆ ಹೋಗಿಬಿಟ್ಟರು.

ಕಾರಣ ಇಟ್ಟಂಗಿಯ ಹಾದಿ. ಗೇಟಿನಿಂದ ತೋಟದ ನಡುವೆ ಹಾಯ್ದು, ಲಿಂಬಿ ಗಿಡದ ಹತ್ತಿರ ಹೊರಳಿ, ಅಡಿಗೆಮನೆಯ ಮೆಟ್ಟಿಲಿಗೆ ಮುಟ್ಟುವ ಹಳೆಯ ಹಾದಿ ಅದು. ಬೆಳಗಾವಿಯ ಮಳೆಗೆ ಅದರ ಮೈತುಂಬ ಹಸಿರು ಹಾವಸೆ ಕಟ್ಟಿತ್ತು, ಸಂದಿಗಳಲ್ಲಿ ಹುಲ್ಲು ಎದ್ದಿತ್ತು. ಹಾವಸೆಯೂ ಜೀವವೇ. ಮುನಿಗಳು ಅದನ್ನು ತುಳಿಯುವುದಿಲ್ಲ.

ಮಳೆ ಬಿಡುವು ಕೊಟ್ಟಿದ್ದೇ ಹಾದಿ ಹೊಸದು ಮಾಡಿಸುವುದೆಂದು ಮನೆಯಲ್ಲಿ ಮಾತಾಯಿತು.

"ಕೆರದು ತಗಿಯೂದು ಬ್ಯಾಡ್ರಿ ಅತ್ತ್ಯಾರ, ಅದೂ ಹಿಂಸಾನ," ಅಂದಳು ಸೊಸೆ ಬ್ರಾಹ್ಮಿ. "ಹಳೀ ಇಟ್ಟಂಗಿ ಹಂಗ ಎತ್ತಿ ಗ್ವಾಡಿ ಬಾಜೂಕ ಇಡೂಣು. ಹೊಸಾವು ನಮ್ಮ ಖಾನಾಪುರದಿಂದ ತರಸೂಣು. ನಾಸೀರಚಾಚಾ ಅಂತ ಗೌಂಡಿ ಅದಾರ, ನಮ್ಮ ತವರಮನಿ ಕಟ್ಟಿದವರು. ಛಲೋ ಕೆಲಸಾ ಮಾಡ್ತಾರ."

ಕಾಂತಾಬಾಯಿಯ ಕಿವಿ ನೆಟ್ಟಗಾದವು. ವಡಗಾವಿಯಲ್ಲಿ ಗೌಂಡಿಗಳಿಗೆ ಬರವೇ? ಇಟ್ಟಂಗಿಯೂ ತವರಿನದು, ಗೌಂಡಿಯೂ ತವರಿನವನು! ಇದರಲ್ಲಿ ಏನೋ ಇದೆ ಅಂದುಕೊಂಡಳು. ಆದರೆ ಮಗ ಅನೇಕಾಂತ ಹೆಂಡತಿಯ ಮಾತಿಗೆ ಹೂಂ ಅಂದ, ಬಾಪುಸಾಹೇಬರು ಮಗನ ಮಾತಿಗೆ ಹೂಂ ಅಂದರು.

"ಆತು. ಆದ್ರ ನೆಲಾ ಅಗಿಯೂ ಹಂಗಿಲ್ಲ," ಅಂದಳು ಕಾಂತಾಬಾಯಿ. "ಚಾತುರ್ಮಾಸದಾಗ ಒಂದು ಹುಳಾ ಸತ್ರೂ ನಾ ಸುಮ್ಮನಿರಾಕಿ ಅಲ್ಲ. ಮತ್ತ ಇಟ್ಟಂಗಿ ಆರಸಾಕ ನಾನ ಬರ್ತೀನಿ."

ನಾಸೀರನ ಟೆಂಪೋದಲ್ಲಿ ಗೌಂಡಿಯ ಪಕ್ಕ ಸೆರಗು ಬಿಗಿಯಾಗಿ ಹೊದ್ದು ಕುಳಿತು ಕಾಂತಾಬಾಯಿ ಖಾನಾಪುರಕ್ಕೆ ಹೊರಟೇಬಿಟ್ಟಳು. ನಾಸೀರನಿಗೆ ಐವತ್ತೈದು ದಾಟಿರಬೇಕು. ಮೆಹಂದಿ ಹಚ್ಚಿದ ಗಡ್ಡ, ಬಾಯಿಯಂತೂ ಮುಚ್ಚಿದ್ದೇ ಇಲ್ಲ. ಮಚ್ಛೆಯಲ್ಲಿ ಅನೇಕಾಂತನ ವರ್ಕ್‌ಶಾಪು ದಾಟುವುದರೊಳಗೆ ತಾನು ಕಟ್ಟಿದ ಮನೆಗಳನ್ನೆಲ್ಲ ಹೇಳಿ ಮುಗಿಸಿದ್ದ.

"ನಾ ಕುಂದರಿಸಿದ ಇಟ್ಟಂಗಿ, ಅಕ್ಕಾರ, ನಿಮ್ಮ ಮೊಮ್ಮಕ್ಕಳು ಮುದುಕರಾಗೂ ಮಟಾ ಅಳಗ್ಯಾಡಂಗಿಲ್ಲ ನೋಡ್ರಿ."

ಇಷ್ಟು ಮಾತಾಡುವವನು ಏನನ್ನೋ ಮುಚ್ಚುತ್ತಿರುತ್ತಾನೆ ಅಂತ ಕಾಂತಾಬಾಯಿ ತೀರ್ಮಾನಿಸಿದಳು.

ಖಾನಾಪುರದ ಭಟ್ಟಿ ತಣ್ಣಗೆ ಮಲಗಿತ್ತು. ಮಳೆಗಾಲದಲ್ಲಿ ಇಟ್ಟಂಗಿ ಸುಡುವುದಿಲ್ಲ. ಬೇಸಿಗೆಯಲ್ಲಿ ಸುಟ್ಟದ್ದನ್ನು ಶೆಡ್ಡಿನಲ್ಲಿ ತಾಡಪತ್ರಿ ಮುಚ್ಚಿ ಪೇರಿಸಿರುತ್ತಾರೆ. ಕಾಂತಾಬಾಯಿ ಒಂದೊಂದನ್ನೂ ಎತ್ತಿ, ಇನ್ನೊಂದಕ್ಕೆ ತಾಗಿಸಿ, ಟಣ್ ಅಂದದ್ದನ್ನು ಈ ಕಡೆ, ಅನ್ನದ್ದನ್ನು ಆ ಕಡೆ ಹಾಕಿಸಿದಳು. ಭಟ್ಟಿಯ ಯಲ್ಲೇಶ ಕೈಕಟ್ಟಿ ನೋಡುತ್ತ ನಿಂತಿದ್ದ. ನಾಸೀರ ಅವನನ್ನು ದೂರಕ್ಕೆ ಕರೆದುಕೊಂಡು ಹೋಗಿ ಮರಾಠಿಯಲ್ಲಿ ಏನೋ ಹೇಳತೊಡಗಿದ. ಕಾಂತಾಬಾಯಿಗೆ ಮರಾಠಿ ಬಾರದೇನು? ತಿರುಗಿ ನೋಡಿದಳು. ಇಬ್ಬರೂ ದನಿ ಇಳಿಸಿದರು. ಯಲ್ಲೇಶ ಶೆಡ್ಡಿನ ಹಿಂದೆ ಹೋಗಿ ಒಂದು ಗೋಣಿಚೀಲ ತಂದು, ಟೆಂಪೋದ ಸೀಟಿನಡಿ ತುರುಕಿದ.

"ಅದೇನ್ರಿ ಅದು?"

"ಏನಿಲ್ರಿ ಅಕ್ಕಾರ, ನನ್ನ ಸಾಮಾನ."

ಅಷ್ಟರಲ್ಲಿ ನಾಸೀರನ ಫೋನು ರಿಂಗಾಯಿತು. ಅವನು ಬೆನ್ನು ತಿರುಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ. "ಹೂಂ ಬೇಟಿ, ಸಿಕ್ಕೈತಿ... ಇಲ್ಲ ಇಲ್ಲ, ಅವರಿಗೇನೂ ಗೊತ್ತಾಗಿಲ್ಲ."

ಬೇಟಿ! ಅವನು ಬೇಟಿ ಅನ್ನುವುದು ಬ್ರಾಹ್ಮಿಗೆ. ಅವರು ಅಂದರೆ ಯಾರು, ಗೊತ್ತಾಗದೇ ಇರಬೇಕಾದದ್ದು ಏನು? ಕಾಂತಾಬಾಯಿ ದಾರಿಯುದ್ದಕ್ಕೂ ಹಿಮ್ಮಡಿಯಿಂದ ಆ ಚೀಲವನ್ನು ಒತ್ತಿ ಒತ್ತಿ ನೋಡಿದಳು. ಒಂದು ಕಡೆ ಮೆತ್ತಗಿತ್ತು, ಒಂದು ಕಡೆ ಗಟ್ಟಿ. ಅವಳ ತಲೆಯಲ್ಲಿ ಹುಳ ಹೊಕ್ಕಿತು.

ಕೆಲಸ ಮರುದಿನವೇ ಶುರುವಾಯಿತು. ನಾಸೀರ ಹಾವಸೆಯ ಇಟ್ಟಂಗಿಗಳನ್ನು ಅಲುಗಿಸದ ಹಾಗೆ ಎತ್ತಿ ಗೋಡೆಯ ನೆರಳಿಗೆ ಸಾಗಿಸಿದ. ಉಸುಕು ಹರವಿ, ದಾರ ಕಟ್ಟಿ, ಒಂದೊಂದೇ ಹೊಸ ಇಟ್ಟಂಗಿಯನ್ನು ಮರದ ಸುತ್ತಿಗೆಯಿಂದ ತಟ್ಟಿ ಕೂರಿಸಿದ. ಸುಳ್ಳು ಹೇಳಬಾರದು, ಕೆಲಸ ಚೆನ್ನಾಗಿತ್ತು. ಆದರೆ ಲಿಂಬಿ ಗಿಡದ ಹೊರಳಿಗೆ ಬಂದಾಗ ಬ್ರಾಹ್ಮಿ ಅಡಿಗೆಮನೆಗೆ ಬಂದಳು.

"ಅತ್ತ್ಯಾರ, ಚಂಪಾಕಾಕೂ ನಿಮ್ಮನ್ನ ಕರ್ಯಾಕತ್ತಾರ ನೋಡ್ರಿ."

ಕಾಂತಾಬಾಯಿ ಹೋದಳು. ಚಂಪಾಬಾಯಿ ಕರೆದೇ ಇರಲಿಲ್ಲ.

"ನಾ ಎಲ್ಲೆ ಕರದೀನವಾ? ನಿನ್ನ ಸೊಸಿ ನಿನ್ನ ಹೊರಗ ಹಾಕ್ಯಾಳ," ಅಂದಳು ಚಂಪಾಬಾಯಿ, ಕಣ್ಣು ಅರಳಿಸಿ. "ಈಗಿನ ಹುಡುಗ್ಯಾರು! ಏನ ಹೂಳಾಕತ್ತಾಳೋ ಯಾರಿಗೆ ಗೊತ್ತು. ಗಂಡ ಮುಷ್ಟಿಯೊಳಗ ಇರ್ಲಿ ಅಂತ ಏನೇನೋ ಮಾಡ್ತಾರ."

ಕಾಂತಾಬಾಯಿ ಓಡಿಬಂದಳು. ದೂರದಿಂದಲೇ ಕಂಡಿತು: ನಾಸೀರ ಬಾಗಿ ಕುಳಿತಿದ್ದಾನೆ, ಪಕ್ಕದಲ್ಲಿ ಬ್ರಾಹ್ಮಿ ಸೀರೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕುಳಿತಿದ್ದಾಳೆ, ಗೋಣಿಚೀಲ ಬಾಯ್ದೆರೆದು ಬಿದ್ದಿದೆ. ಇವಳು ಹತ್ತಿರ ಬರುವುದರೊಳಗೆ ಆ ಜಾಗಕ್ಕೆ ಇಟ್ಟಂಗಿ ಕೂತಿತ್ತು. ಬ್ರಾಹ್ಮಿ ಎದ್ದು ಕೈ ಝಾಡಿಸಿಕೊಂಡು ನಕ್ಕಳು. ಆ ನಗೆ ಕಾಂತಾಬಾಯಿಗೆ ಸ್ವಲ್ಪವೂ ಸೇರಲಿಲ್ಲ.

ಹಾದಿ ಮುಗಿಯಿತು. ನಾಸೀರ ಕೂಲಿ ತಗೊಂಡು ಹೋದ. ಓಣಿಯವರೆಲ್ಲ ಬಂದು ನೋಡಿ ಹೊಗಳಿದರು. ಕಾಂತಾಬಾಯಿ ಮಾತ್ರ ಲಿಂಬಿ ಗಿಡದ ಹತ್ತಿರ ಕಾಲು ಊರಿ ಊರಿ ನೋಡಿದಳು. ಬೇರೆಲ್ಲ ಕಡೆ ಗಟ್ಟಿ, ಅಲ್ಲಿ ಮಾತ್ರ ಡಬ್ ಡಬ್. ಅಡಿಯಲ್ಲಿ ಪೊಳ್ಳು. ಪೊಳ್ಳಿನಲ್ಲಿ ಏನೋ ಇದೆ.

ಆ ಎರಡು ಮೂರು ದಿನ ಅವಳಿಗೆ ಅನ್ನ ಮೈಗೆ ಹತ್ತಲಿಲ್ಲ. ಏನಿದ್ದೀತು? ತಾಯಿತವೋ? ಮಾಟಮಂತ್ರವನ್ನೆಲ್ಲ ನಂಬುವ ಮನೆತನವಲ್ಲ ಅವಳದು. ಆದರೆ ನಂಬದಿದ್ದರೂ ಹೆದರುವುದಕ್ಕೆ ಯಾರ ಅಡ್ಡಿ? ಅಥವಾ ತವರಿಂದ ಬರುವಾಗ ಒಮ್ಮೆ ಬ್ರಾಹ್ಮಿಯ ಚೀಲ ಜೈನರು ಮುಟ್ಟಬಾರದ ಬಳ್ಳೊಳ್ಳಿ ವಾಸನೆ ಹೊಡೆದಿತ್ತಲ್ಲ, ಬಸ್ಸಿನಲ್ಲಿ ಪಕ್ಕದವರದು ತಾಗಿತು ಅಂದಿದ್ದಳಲ್ಲ, ಅಂಥದ್ದೇನಾದರೂ ನೆಟ್ಟಿದ್ದಾಳೋ? ಮುನಿಗಳು ನಡೆಯುವ ಹಾದಿಯ ಕೆಳಗೆ! ಹೋದ ವಾರವಷ್ಟೇ ಕ್ಷಮಾವಾಣಿಯ ದಿನ ಇದೇ ಸೊಸೆಗೆ ಕೈಮುಗಿದು, "ಗೊತ್ತಿದ್ದೂ ಗೊತ್ತಿಲ್ಲದೂ ತಪ್ಪಾಗಿದ್ರ ಕ್ಷಮಾ ಮಾಡವಾ" ಅಂದಿದ್ದಳು. ಆ ಮಾತು ಈಗ ಗಂಟಲಲ್ಲಿ ಮುಳ್ಳಾಗಿ ಕೂತಿತು.

ಮಹಾರಾಜರ ಆಹಾರದ ಮುನ್ನಾದಿನ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಎಲ್ಲರೂ ಆರತಿಗೆ, ಪ್ರವಚನಕ್ಕೆ ಬಸದಿಗೆ ಹೊರಟರು.

"ನನಗ ಮೊಣಕಾಲು ನೋಯಾಕತ್ತಾವು, ನೀವು ಹೋಗಿಬರ್ರಿ," ಅಂದಳು ಕಾಂತಾಬಾಯಿ.

ಗೇಟು ಮುಚ್ಚಿದ್ದೇ ತಡ, ಮೊಣಕಾಲು ನೆಟ್ಟಗಾದವು. ಹುಲ್ಲು ಕೀಳುವ ಖುರಪಿ ತಗೊಂಡು ಲಿಂಬಿ ಗಿಡದ ಹತ್ತಿರ ಕುಳಿತಳು. ಸಂದಿಯಲ್ಲಿ ಖುರಪಿ ತೂರಿಸಿ ಮೀಟಿದಳು. ಇಟ್ಟಂಗಿ ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಮೀಟಿದಳು, ಬೆರಳು ತರಚಿತು, ಇಟ್ಟಂಗಿ ಮೇಲೆದ್ದಿತು. ಅದರ ಪಕ್ಕದ್ದೂ ಎದ್ದಿತು.

ಕೆಳಗೆ ಬೂದಿ.

ಯಾವ ಬೂದಿ ಇದು? ಯಾರದು? ಹೆದರುತ್ತಲೇ ಬೂದಿ ಸರಿಸಿದಳು. ಕೆಳಗೆ ಒಂದು ನಾಡಹಂಚು, ಅರೆಗೊಳವೆಯಂಥ ಹಳೇ ನಮೂನೆಯದು, ಬೋರಲಾಗಿ ಮಲಗಿತ್ತು. ಸಿಕ್ಕಿತು ಅಂದುಕೊಂಡಳು. ಹಂಚು ಎತ್ತಿದಳು.

ನೆಲವೇ ಅಲುಗಾಡಿದ ಹಾಗಾಯಿತು. ಇರುವೆ! ಕರಿ ಇರುವೆಯ ದೊಡ್ಡ ಗೂಡು. ಹಾದಿಯ ಈ ಬದಿಯಿಂದ ಆ ಬದಿಗೆ ಹಂಚಿನಡಿ ಸಾಲುಗಟ್ಟಿ ತಮ್ಮ ಪಾಡಿಗೆ ಓಡಾಡಿಕೊಂಡಿದ್ದವು. ಬೆಳಕು ಬಿದ್ದದ್ದೇ ಬಿಳಿ ತತ್ತಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಎಲ್ಲೆಂದರಲ್ಲಿ ಚೆಲ್ಲಾಪಿಲ್ಲಿಯಾದವು. ಕೈ ಮೇಲೆ ಹತ್ತಿದವು. ಕಾಂತಾಬಾಯಿ ಬೆಚ್ಚಿ ಕೈ ಝಾಡಿಸಿದಳು. ಹಂಚು ಖುರಪಿಯ ಮೇಲೆ ಬಿದ್ದು ಎರಡು ಹೋಳಾಯಿತು.

ಆಗ ಎಲ್ಲ ತಿಳಿಯಿತು. ಹಾದಿಯ ಕೆಳಗೆ ಇರುವೆಗೂಡು ಇದೆಯೆಂದು ಬ್ರಾಹ್ಮಿಗೂ ನಾಸೀರನಿಗೂ ಮೊದಲೇ ಗೊತ್ತಿತ್ತು. ಕೆಡಿಸಬಾರದು, ಇರುವೆ ಹಾದಿಯ ಮೇಲೂ ಬರಬಾರದು. ಅದಕ್ಕೇ ಹಂಚಿನ ಸುರಂಗ, ಇಟ್ಟಂಗಿಯ ಸಂದಿಯಿಂದ ಮೇಲೆ ಬಾರದ ಹಾಗೆ ಸುತ್ತ ಭಟ್ಟಿಯ ಬೂದಿ. ಅತ್ತೆಗೆ ಹೇಳಿದ್ದರೆ ಕೆಲಸ ನಿಲ್ಲಿಸಿಬಿಡುತ್ತಿದ್ದಳು. ಹೇಳದೇ ಇದ್ದದ್ದು ಅದಕ್ಕೆ. ಮಹಾರಾಜರು ಬರಲಿ, ಅತ್ತೆಯ ಆಸೆ ತೀರಲಿ ಅಂತ.

"ಅಯ್ಯಯ್ಯೋ, ಏನ ಮಾಡಿದೆ ನಾನು," ಅಂದಳು ಕಾಂತಾಬಾಯಿ, ಯಾರಿಗೂ ಅಲ್ಲ. ಹಂಚಿನ ಹೋಳುಗಳನ್ನು ಹೇಗೋ ಕೂಡಿಸಿಟ್ಟು, ಬೂದಿ ಎಳೆದು, ಇಟ್ಟಂಗಿ ಮುಚ್ಚಿದಳು. ಮುಚ್ಚುವಾಗ ಎಷ್ಟು ಜೀವ ಹೋದವೋ! ಬಸದಿಯಿಂದ ಮಂದಿ ಬರುವುದರೊಳಗೆ ಕೈ ತೊಳೆದು, ಬೆರಳಿಗೆ ಅರಿಸಿನ ಹಚ್ಚಿ, ಚಿಂದಿ ಸುತ್ತಿಕೊಂಡು ಕೂತಿದ್ದಳು. ಹೇಳಿಬಿಡಲೇ ಅಂದುಕೊಂಡಳು. ಹೇಳಲಿಲ್ಲ.

ಮುಂಜಾನೆ ಎದ್ದು ನೋಡಿದರೆ ಹಾದಿ ಸ್ವಚ್ಛ. ಒಂದು ಇರುವೆ ಇಲ್ಲ. ಕಾಂತಾಬಾಯಿ ಜಿನೇಶ್ವರನಿಗೆ ಕೈಮುಗಿದು ಒಲೆ ಹಚ್ಚಿದಳು. ಅಡಿಗೆ ಮುಗಿಯಿತು, ಮನೆಯವರೆಲ್ಲ ಕಲಶ, ತೆಂಗಿನಕಾಯಿ ಹಿಡಿದು ಮೆಟ್ಟಿಲ ಮುಂದೆ ನಿಂತರು. ಬಿಸಿಲೇರಿತು. ಮಹಾರಾಜರು ಓಣಿಗೆ ಬಂದರು. ಚಂಪಾಬಾಯಿಯ ಬಾಗಿಲು ದಾಟಿದರು. ಇವರ ಗೇಟಿಗೆ ಬಂದರು, ನೆಲ ನೋಡಿದರು, ಒಳಗೆ ಬಂದರು.

"ನಮೋಸ್ತು ಸ್ವಾಮಿ, ನಮೋಸ್ತು, ನಮೋಸ್ತು! ಅತ್ರ ತಿಷ್ಠ, ತಿಷ್ಠ!" ಎಲ್ಲರ ದನಿಯೂ ಏರಿತು. ಕಾಂತಾಬಾಯಿಯ ದನಿ ಎಲ್ಲಕ್ಕಿಂತ ಮೇಲೆ.

ಮಹಾರಾಜರು ಲಿಂಬಿ ಗಿಡದ ಹತ್ತಿರ ನಿಂತರು.

ಬಿಸಿಲು ಕಾದದ್ದೇ ಇರುವೆಗಳು ಹೊರಬಿದ್ದಿದ್ದವು. ಮುರಿದ ಮನೆ ಬಿಟ್ಟು, ತತ್ತಿ ಹೊತ್ತು, ಹೊಸ ಇಟ್ಟಂಗಿಗಳ ಮೇಲೆ ಅಡ್ಡಲಾಗಿ ಕರಿ ಪಟ್ಟಿಯಾಗಿ ಸಾಗಿದ್ದವು. ಪಟ್ಟಿ ಮುಗಿಯುವ ಹಾಗೇ ಕಾಣಲಿಲ್ಲ. ಮಹಾರಾಜರು ನೋಡುತ್ತ ನಿಂತರು. ಹಾವಸೆಯಾದರೆ ಬೇರೆ ಮನೆಗೆ ಹೋಗಬಹುದು, ನೊಂದ ಜೀವ ಕಣ್ಣಿಗೆ ಬಿದ್ದರೆ ಅಂದಿನ ಆಹಾರವೇ ಇಲ್ಲ. ಆಮೇಲೆ ಹೆಗಲ ಮೇಲಿನ ಬೆರಳುಗಳು ಮೆಲ್ಲಗೆ ಕೆಳಗಿಳಿದವು. ತಿರುಗಿದರು, ಬಂದ ಹೆಜ್ಜೆಯಲ್ಲೇ ಬಸದಿಗೆ ನಡೆದರು.

ನಿನ್ನೆ ಉಪವಾಸ, ಇವತ್ತು ಉಪವಾಸ, ನಾಳೆ ಮತ್ತೆ ಉಪವಾಸ. ಹನಿ ನೀರಿಲ್ಲ. ಕಾಂತಾಬಾಯಿಯ ಕೈಯ ಕಲಶದಲ್ಲಿ ನೀರು ತುಳುಕಿ ಸೀರೆ ತೋಯಿತು.

ಮೊದಲು ಬಾಯಿ ಬಿಟ್ಟವಳು ಚಂಪಾಬಾಯಿ. "ಹೊರಗಿನ ಮಂದಿ ಕೈಯಾಗ ಇಂಥಾ ಕೆಲಸಾ ಕೊಟ್ರ ಹಿಂಗ ಆಗೂದ. ಜೀವಾ ಐತೋ ಇಲ್ಲೋ ಅಂತ ಅವಂಗೇನು ಕಾಳಜಿ?"

ಬಾಪುಸಾಹೇಬರು ಸಿಟ್ಟಿನಿಂದ ನಾಸೀರನಿಗೆ ಫೋನು ಮಾಡಿದರು. ಅವನು ಬರುವುದರೊಳಗೆ ಬ್ರಾಹ್ಮಿ ಅಳುತ್ತ ಎಲ್ಲ ಹೇಳಿದ್ದಳು: ನಾಸೀರ ಹಾದಿ ನೋಡಲು ಬಂದ ದಿನ ಒಂದು ಇಟ್ಟಂಗಿ ಎತ್ತಿದಾಗ ಗೂಡು ಕಂಡದ್ದು, ಹಂಚಿನ ಉಪಾಯ ತನ್ನದೇ ಅನ್ನುವುದು, ಅತ್ತೆಗೆ ಮುಚ್ಚಿಟ್ಟದ್ದು.

ನಾಸೀರ ಕುಕ್ಕರಗಾಲಲ್ಲಿ ಕುಳಿತು ಇಟ್ಟಂಗಿಗಳನ್ನು ನೋಡಿದ. ಅವನ ಮುಖ ಕೆಂಪಾಯಿತು.

"ಸಾವ್ಕಾರ, ಇದು ನನ್ನ ಕೈ ಕೆಲಸಾ ಅಲ್ಲ. ಯಾರೋ ಕಿತ್ತು ಮತ್ತ ಇಟ್ಟಾರ. ಭಟ್ಟಿ ಛಾಪು ಇದ್ದ ಮೈ ನಾ ಕೆಳಗ ಹಾಕಿರತೀನಿ. ಇಲ್ಲಿ ನೋಡ್ರಿ, ಮ್ಯಾಲ ಬಂದೈತಿ. ಹಂಚು ಸೈತ ಒಡದಾರ. ಯಾವ ಬುದ್ಧಿಗೇಡಿ ಮಾಡಿದ್ದಿದು?"

"ಕೆಳಗ ಏನದ ಅಂತ ಗೊತ್ತಿದ್ದವರು ಇಬ್ಬರ," ಅಂದರು ಬಾಪುಸಾಹೇಬರು, ನಿಧಾನವಾಗಿ. "ನೀವು ಇಲ್ಲಿರಲಿಲ್ಲ." ಸೊಸೆಯ ಕಡೆ ತಿರುಗಿದರು. "ಸರಿ ಕುಂತದೋ ಇಲ್ಲೋ ಅಂತ ತಗದು ನೋಡಿದೇನವಾ? ಖರೇ ಹೇಳು."

"ಇಲ್ರೀ ಮಾವನವರ. ದೇವರಾಣಿಗೂ ಇಲ್ಲ."

ಅನೇಕಾಂತ ಹೆಂಡತಿಯ ಮುಖ ನೋಡಿದ. ಅವನು ನೋಡಿದ ರೀತಿ ಕಾಂತಾಬಾಯಿಗೆ ಗೊತ್ತಿತ್ತು. ಅದು ಅವಳದೇ ನೋಟ. ಮಗನಿಗೆ ಬಂದಿತ್ತು.

ಹೇಳುವ ಹೊತ್ತು ಇದೇ ಆಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಗೋಡೆಯಾಚೆ ಚಂಪಾಬಾಯಿ ಕಿವಿ ಚಾಚಿ ನಿಂತಿದ್ದಳು. ಕಾಂತಾಬಾಯಿ ಚಿಂದಿ ಸುತ್ತಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಹೋಗ್ಲಿ ಬಿಡ್ರಿ. ಸಣ್ಣಾಕಿ, ತಿಳೀದ ಮಾಡಿರಬೇಕು. ಹೊಟ್ಟಿಯೊಳಗ ಹಾಕ್ಕೊಳ್ಳೂಣು," ಅಂದಳು.

"ಎಂಥಾ ದೊಡ್ಡ ಮನಸಿನಾಕಿ ನೋಡ್ರಿ ನಮ್ಮ ಕಾಂತಾ," ಅಂದಳು ಚಂಪಾಬಾಯಿ.

ಅಂದು ಸಂಜೆ ನಾಸೀರ ಹೊಸ ಹಂಚು ತಂದ. ಇರುವೆಗಳು ಒಂದು ಬದಿಗೆ ಸರಿಯುವವರೆಗೂ ಸಿಟ್ಟಿನಿಂದ ಎಲೆ ಅಗಿಯುತ್ತ ಕಾದು ಕುಳಿತ. ಕಾಂತಾಬಾಯಿ ನೀರು ಕೊಡಲು ಹೋದಾಗ ಅವನ ಕಣ್ಣು ನೇರ ಬೆರಳಿನ ಮೇಲೆ ಬಿತ್ತು.

"ಬೆರಳಿಗೆ ಏನಾತ್ರಿ ಅಕ್ಕಾರ?"

"ಈಳಿಗಿ ತಾಗಿತು."

"ಹೂಂ," ಅಂದ ನಾಸೀರ. ಇಷ್ಟು ಮಾತಾಡುವವನು ಬರೀ ಹೂಂ ಅಂದನಲ್ಲ! ಇವನಿಗೆ ಗೊತ್ತಾಗಿದೆ. ಬ್ರಾಹ್ಮಿಗೆ ಹೇಳಿರುತ್ತಾನೆ. ಬ್ರಾಹ್ಮಿ ಅನೇಕಾಂತನಿಗೆ ಹೇಳಿರುತ್ತಾಳೆ. ಎಲ್ಲರೂ ಗೊತ್ತಿದ್ದೇ ಸುಮ್ಮನಿದ್ದಾರೆ, ಒಂದು ದಿನ ಒಟ್ಟಿಗೆ ಬಾಯಿ ಬಿಡುತ್ತಾರೆ. ಮರುದಿನವೆಲ್ಲ ಕಾಂತಾಬಾಯಿ ಮನೆಯ ಪ್ರತಿ ಪಿಸುಮಾತಿಗೂ ಬೆಚ್ಚಿದಳು. ಇಷ್ಟು ವರ್ಷ ಊರನ್ನೆಲ್ಲ ಸಂಶಯದಿಂದ ನೋಡಿದವಳಿಗೆ ಊರೇ ತನ್ನನ್ನು ನೋಡುತ್ತಿದೆ ಅನ್ನಿಸಿತು.

ಬ್ರಾಹ್ಮಿ ಮಾತ್ರ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಅವಳ ತಾಟು ಬೋರಲಾಗಿಯೇ ಇತ್ತು.

"ಉಣವಾ," ಅಂದಳು ಕಾಂತಾಬಾಯಿ.

"ಮಹಾರಾಜರು ನನ್ನಿಂದ ಉಪಾಸ ಇದ್ದಾರ್ರಿ ಅತ್ತ್ಯಾರ. ಅವರಿಗೆ ಆಹಾರ ಆಗೂ ಮಟಾ ನನಗೂ ಬ್ಯಾಡ. ಮುಚ್ಚಿಡಬಾರದಿತ್ತು ನಾನು. ನಿಮ್ಮ ಆಸೇಕ ಅಡ್ಡ ಬಂದಂಗಾತು."

ಕಾಂತಾಬಾಯಿ ಒಲೆಯ ಕಡೆ ತಿರುಗಿ ಅಳುತ್ತ ನಿಂತಳು, ಹೊಗೆ ಅಂದಳು. ಮನೆಯಲ್ಲಿ ಇದ್ದದ್ದು ಗ್ಯಾಸು.

ಆಹಾರದ ದಿನ ಬಂತು. ಮತ್ತೆ ಕಲಶ, ಮತ್ತೆ ಮೆಟ್ಟಿಲು. ಉಪವಾಸದಿಂದ ಬ್ರಾಹ್ಮಿಯ ಮುಖ ಬಾಡಿತ್ತು. ಗೇಟಿನ ಹೊರಗೆ ನಾಸೀರ ತನ್ನ ಗಾಡಿಗೆ ಒರಗಿ ನಿಂತಿದ್ದ. ಮಹಾರಾಜರು ತನ್ನ ಹಾದಿ ದಾಟುವವರೆಗೂ ಬೇರೆ ಕೆಲಸಕ್ಕೆ ಕೈ ಹಚ್ಚುವುದಿಲ್ಲವೆಂದು ಹಟ ಹಿಡಿದಿದ್ದ.

ಮಹಾರಾಜರು ಬಂದರು. ಮೈ ಸೊರಗಿತ್ತು, ನಡಿಗೆ ಸೊರಗಿರಲಿಲ್ಲ. ಲಿಂಬಿ ಗಿಡದ ಹತ್ತಿರ ಒಂದು ಗಳಿಗೆ ನಿಂತರು. ಹಾದಿಯ ಮೇಲೆ ಏನೂ ಇರಲಿಲ್ಲ. ದಾಟಿದರು. ಕಾಂತಾಬಾಯಿಯ ಮುಂದೆ ಬಂದು ನಿಂತರು.

ಮನೆಯವರೆಲ್ಲ ಮೂರು ಸುತ್ತು ಪ್ರದಕ್ಷಿಣೆ ಬಂದರು. ಇನ್ನು ಮನೆಯೊಡತಿ ಹೇಳಬೇಕಾದ ಮಾತು ಒಂದೇ ಉಳಿದಿತ್ತು. ಅದನ್ನು ಹೇಳದೇ ಮುನಿಗಳು ಹೊಸ್ತಿಲು ದಾಟುವುದಿಲ್ಲ. ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ, ಆಹಾರ ಜಲ ಶುದ್ಧಿ. ಹುಡುಗಿಯಿದ್ದಾಗಿನಿಂದ ಬಾಯಿಪಾಠ ಬಂದ ಮಾತು.

"ಮನ..." ಅಂದಳು ಕಾಂತಾಬಾಯಿ.

ಮುಂದೆ ಬರಲಿಲ್ಲ. ಮತ್ತೊಮ್ಮೆ ಬಾಯಿ ತೆರೆದಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬಾಪುಸಾಹೇಬರು ಮೊಣಕೈಯಿಂದ ತಿವಿದರು. ಮಹಾರಾಜರು ತಲೆ ತಗ್ಗಿಸಿ ಕಾಯುತ್ತಿದ್ದರು, ಬೆರಳುಗಳು ಹೆಗಲ ಮೇಲಿದ್ದವು. ಆ ಬೆರಳುಗಳು ಇನ್ನೇನು ಇಳಿಯುತ್ತವೆ ಅನ್ನಿಸಿತು ಅವಳಿಗೆ. ಮತ್ತೆ ತನ್ನಿಂದಲೇ.

ಕಾಂತಾಬಾಯಿ ಕಲಶವನ್ನು ಬ್ರಾಹ್ಮಿಯ ಕೈಗೆ ಇಟ್ಟಳು.

"ನೀ ಹೇಳವಾ. ನನ್ನ ಮನಸು ಶುದ್ಧ ಇಲ್ಲ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಇಟ್ಟಂಗಿ ಕಿತ್ತಾಕಿ ನಾನು. ನಿನ್ನ ಮ್ಯಾಲ ಸಂಶೇ ಬಂದು ಕಿತ್ತೆ. ಹಂಚು ಒಡದಾಕಿ ನಾನು. ಮಹಾರಾಜರನ್ನ ಉಪಾಸ ಕೆಡವಿದಾಕಿ ನಾನು. ನಿನ್ನ ಮ್ಯಾಲ ಹಾಕಿ ಸುಮ್ಮನ ನಿಂತೆ."

ಅವಳು ಹಿಂದೆ ಸರಿದು ಇಟ್ಟಂಗಿಯ ಹಾದಿಗೆ ಇಳಿದಳು. ಬ್ರಾಹ್ಮಿ ಕಲಶ ಎತ್ತಿ ಹಿಡಿದಳು. "ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ, ಆಹಾರ ಜಲ ಶುದ್ಧಿ ಸ್ವಾಮಿ. ಒಳಗ ಬರಬೇಕು."

ಮಹಾರಾಜರು ಹೊಸ್ತಿಲು ದಾಟಿದರು.

ಕಾಂತಾಬಾಯಿ ಲಿಂಬಿ ಗಿಡದ ಹತ್ತಿರ ಬಂದು ನಿಂತಳು. ಗೇಟಿನಾಚೆಯಿಂದ ನಾಸೀರ ನೋಡುತ್ತಿದ್ದ.

"ನಿಮ್ಮ ಮ್ಯಾಲೂ ಸಂಶೇ ಪಟ್ಟಿದ್ದೆ, ನಾಸೀರಭಾಯಿ."

"ಅದೇನ ಹೊಸಾ ಸುದ್ದಿ ಅಲ್ರಿ ಅಕ್ಕಾರ. ಖಾನಾಪುರದಿಂದ ಬರೂ ಮುಂದ ಚೀಲಾ ಒದ್ದು ಒದ್ದು ನೋಡಾಕತ್ತಿದ್ರಿ, ಹಂಚು ಅಲ್ಲೇ ಒಡೀತೈತೇನೋ ಅಂತ ಜೀವಾ ಕೈಯಾಗ ಹಿಡಕೊಂಡು ಕುಂತಿದ್ದೆ," ಅಂದ ನಾಸೀರ. ಆಮೇಲೆ ಮುಖ ಗಂಟಿಕ್ಕಿದ. "ಆದ್ರ ನನ್ನ ಕೆಲಸಾ ಕಿತ್ತದ್ದಕ್ಕ ನನಗ ಇನ್ನೂ ಸಿಟ್ಟು ಐತಿ."

"ಇರಬೇಕ," ಅಂದಳು ಕಾಂತಾಬಾಯಿ.

ಒಳಗಿನಿಂದ ಪಾತ್ರೆಯ ಸದ್ದು ಬಂತು. ಮೊದಲ ತುತ್ತು ಹೋಗಿರಬೇಕು, ಬ್ರಾಹ್ಮಿಯ ಕೈಯಿಂದ. ಇಷ್ಟು ವರ್ಷ ಕಾದದ್ದು ಹತ್ತು ಹೆಜ್ಜೆಯ ಆಚೆ ನಡೆಯುತ್ತಿತ್ತು. ಕಾಂತಾಬಾಯಿಗೆ ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳಾದೀತು. ಆದರೆ ಎದೆಯ ಮೇಲಿನ ಕಲ್ಲೂ ಇಳಿದಿತ್ತು. ಅಷ್ಟರಲ್ಲಿ ಅನೇಕಾಂತ ಬಾಗಿಲಿಗೆ ಬಂದ. ಅವನ ಕಣ್ಣು ಒದ್ದೆಯಾಗಿದ್ದವು.

"ಅವ್ವಾ, ಬ್ರಾಹ್ಮಿ ಕರ್ಯಾಕತ್ತಾಳ. ಇನ್ನೂ ಆಹಾರ ಮುಗಿದಿಲ್ಲ. ನೀನೂ ಶುದ್ಧಿ ಹೇಳಿ ಒಳಗ ಬಾ, ಒಂದು ತುತ್ತು ಕೊಡು."

ಕಾಂತಾಬಾಯಿಯ ಜೀವ ಒಮ್ಮೆಲೇ ಹಿಗ್ಗಿತು. ಹೌದಲ್ಲ! ಎಲ್ಲ ಹೇಳಿಯಾಯಿತು, ಮುಚ್ಚಿಟ್ಟದ್ದು ಏನೂ ಇಲ್ಲ, ಇನ್ನು ಹೇಳಬಹುದಲ್ಲ. ಸೆರಗು ಸರಿಮಾಡಿಕೊಂಡು ಮೆಟ್ಟಿಲಿಗೆ ಕಾಲಿಟ್ಟಳು. ಇಟ್ಟವಳು ಹಾಗೇ ಒಮ್ಮೆ ಪಕ್ಕಕ್ಕೆ ನೋಡಿದಳು. ಗೋಡೆಯ ಆಚೆ ಚಂಪಾಬಾಯಿಯ ತಲೆ ಥಟ್ಟನೆ ಕೆಳಗೆ ಮುಳುಗಿತು.

ಎಲ್ಲ ಕೇಳಿಸಿಕೊಂಡಳು ಇವಳು. ಮಧ್ಯಾಹ್ನದೊಳಗೆ ಓಣಿಗೆಲ್ಲ ಸಾರುತ್ತಾಳೆ, ಒಂದಕ್ಕೆ ಎರಡು ಕೂಡಿಸಿ. ಅವತ್ತು ಬ್ರಾಹ್ಮಿಯ ಮೇಲೆ ನನ್ನ ತಲೆಗೆ ಹುಳ ಬಿಟ್ಟವಳೂ ಇವಳೇ, ಬೇಕಂತಲೇ ಬಿಟ್ಟಿರಬೇಕು, ಮಹಾರಾಜರು ತನ್ನ ಮನೆಗೇ ಬರಲಿ ಅಂತ...

ಮನ ಶುದ್ಧಿ ಅನ್ನಲು ಹೊರಟ ಕಾಂತಾಬಾಯಿ ಅಲ್ಲೇ ನಿಂತಳು. ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಇವತ್ತ ಬ್ಯಾಡಪಾ," ಅಂದಳು ಮಗನಿಗೆ. "ನೀವ ಕೊಡ್ರಿ."

ಅವಳು ಲಿಂಬಿ ಗಿಡದ ಹತ್ತಿರ ಹಾದಿಯ ಅಂಚಿನಲ್ಲಿ ಕುಳಿತಳು. ಇಟ್ಟಂಗಿಗಳ ಈ ಬದಿಯಲ್ಲಿ ಇರುವೆಗಳು ಹಂಚಿನ ಬಾಯೊಳಗೆ ಹೋಗುತ್ತಿದ್ದವು, ಆ ಬದಿಯಲ್ಲಿ ಹೊರಬರುತ್ತಿದ್ದವು. ಆಹಾರ ಮುಗಿದು ಮಹಾರಾಜರು ಹೊರಗೆ ಬರುವವರೆಗೂ ಅವಳು ಅವನ್ನೇ ನೋಡುತ್ತ ಕುಳಿತಿದ್ದಳು.